ಬೇಳೆ ನಂಜಲ್ಲ ಕಣಜ್ಜಿ

ಅವತ್ತು ಬೆಳಗ್ಗೆ ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಮಗಳ ಲಂಗ ಒಗೆದು ಹರವಿದೆ. ಸೀಮೆಎಣ್ಣೆ ಸ್ಟೌವಿನ ಬತ್ತಿ ಏರಿಸಿ ಗಂಜಿಗಿಟ್ಟೆ. ಅತ್ತೆಯವರಿಗೆ ಕಾಫಿ ಸೋಸಿ ಕೊಡುವಷ್ಟರಲ್ಲಿ ನರ್ಸಮ್ಮ ಬಂದರು. ಅವರ ಬೆರಳ ತುದಿಗಳು ಸದಾ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಒಂದೊಂದು ಮಗುವಿನ ಗಾಯ ಮುಟ್ಟುವ ಮುಂಚೆಯೂ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯುವವರು.

ಎಪ್ಪತ್ತರ ದಶಕದ ಕೊನೆ. ಅಜ್ಜಂಪುರದಿಂದ ಕಡೂರಿಗೆ ಬಂದಿದ್ದೆವು. ಮಗಳಿಗೆ ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿತ್ತು. ಹೊಲಿಗೆ ಹಾಕಿದ ಜಾಗ ಊದಿ ಕೀವಾಗಿ, ಡಾಕ್ಟರು ಹೊಲಿಗೆ ಬಿಚ್ಚಿ ಗಾಯವನ್ನು ತೆರೆದೇ ಬಿಟ್ಟಿದ್ದರು.

ಗಾಯಕ್ಕೆ ಅಂಟಿದ ಬಟ್ಟೆಯನ್ನು ನರ್ಸಮ್ಮ ಎಂದೂ ಸರ್ರನೆ ಕಿತ್ತವರಲ್ಲ. ಉಪ್ಪುನೀರು ಹನಿಸಿ, "ನೆನೀಲಿ ಬಿಡು, ಏನವಸರ" ಎಂದು ಕೂತು ಮಗಳನ್ನು ಮಾತಿನಲ್ಲೇ ಊರಿನ ರೈಲು ಹತ್ತಿಸುವರು.

"ಕಡೂರು ಬಿಡ್ತು ಕಣೇ. ಮುಂದೆ?"

"ಬೀರೂರು..."

ಅಜ್ಜಂಪುರ ಬರುವಷ್ಟರಲ್ಲಿ ಬಟ್ಟೆ ತಾನಾಗೇ ಬಿಟ್ಟಿರುತ್ತಿತ್ತು.

ಜ್ವರ ಇಳಿದರೂ ಗಾಯ ತುಂಬಲಿಲ್ಲ. ಮಗು ಸೊರಗುತ್ತಲೇ ಹೋಯಿತು. ಅವತ್ತು ನರ್ಸಮ್ಮ ತಟ್ಟೆ ನೋಡಿದರು. ಬರೀ ಗಂಜಿ ತಿಳಿ.

"ಇದೇನಜ್ಜಿ, ಮೊಮ್ಮಗಳಿಗೆ ಉಪವಾಸ ಹಿಡಿಸಿದೀರಾ? ಡಾಕ್ಟರು ಬೇಳೆ, ಹಾಲು ಎಲ್ಲ ಕೊಡಿ ಅಂದ್ರಲ್ಲ?"

"ಅವರು ಅಂತಾರೆ. ಬೇಳೆ ನಂಜು ಕಣವ್ವಾ, ಕೀವು ಕಟ್ಟುತ್ತೆ," ಎಂದರು ಅತ್ತೆ.

"ಹಳ್ಳ ಬಿದ್ದಿರೋ ಗಾಯ. ಹೊಸ ಮಾಂಸ ಬೆಳೀಬೇಕು. ತಿಳಿನೀರು ಕುಡಿದು ಬೆಳೆಯುತ್ತಾ?"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ನನ್ನ ಮೊದಲನೇ ಮಗ ಹಂಗೇ ಹೋದ ತಾಯಿ. ತೊಡೇಲಿ ಕುರು ಎದ್ದಿತ್ತು. ಹಬ್ಬ ಅಂತ ಹೋಳಿಗೆ ತಿನ್ನಿಸ್ಬಿಟ್ಟೆ. ತಾಯೇ ನಂಜು ಉಣ್ಣಿಸಿದ್ಲು ಅಂತ ಊರೆಲ್ಲ ಆಡ್ತು."

ಸೊಸೆಯಾಗಿ ಅಷ್ಟು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ.

ನರ್ಸಮ್ಮ ನೆಲದ ಮೇಲೆ ಅತ್ತೆಯ ಪಕ್ಕ ಕೂತರು. "ಹೋಳಿಗೆ ಕೊಲ್ಲಲಿಲ್ಲ ಅಜ್ಜಿ. ಕೀವು ರಕ್ತಕ್ಕೆ ಏರಿರುತ್ತೆ. ಈಗ ಇವಳಿಗೆ ಕೊಡೋ ಇಂಜೆಕ್ಷನ್ ಆಗ ನಿಮ್ಮೂರಲ್ಲಿ ಎಲ್ಲಿತ್ತು? ನೀವು ಹಸಿದ ಮಗೂಗೆ ಉಣ್ಣಿಸಿದ್ರಿ, ಅಷ್ಟೇ."

ಅತ್ತೆ ಬಹಳ ಹೊತ್ತು ಅತ್ತರು. ನರ್ಸಮ್ಮ ಎದ್ದು ಹೋಗಲಿಲ್ಲ.

ಮಗಳ ಗಾಯ ನಿಧಾನವಾಗಿ ಒಳಗಿನಿಂದ ತುಂಬಿ ಮುಚ್ಚಿತು. ನರ್ಸಮ್ಮ ತರೀಕೆರೆಗೆ ವರ್ಗವಾಗಿ, ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡರು. ಮಗಳನ್ನು ಉಳಿಸಿಕೊಟ್ಟ ಋಣ ಡಾಕ್ಟರದ್ದೂ ಹೌದು. ಅತ್ತೆಯ ಎದೆಭಾರ ಇಳಿಸಿದ ಋಣ ಮಾತ್ರ ನರ್ಸಮ್ಮ ಒಬ್ಬರದೇ.

ಹೋಳಿಗೆಯ ಮಾತು ಬಂದ ಅವತ್ತೇ ಸಂಜೆ ಅತ್ತೆಯೇ ತೊಗರಿಬೇಳೆ ಬೇಯಿಸಿ, ತುಪ್ಪ ಬಿಟ್ಟು, ಅನ್ನದಲ್ಲಿ ಕಲಸಿ ಮಗಳಿಗೆ ತುತ್ತಿಟ್ಟರು. ಉಳಿದದ್ದನ್ನು ನಾವಿಬ್ಬರೂ ಉಂಡೆವು. ದಿನಾ ಮಂಚದ ಕಾಲಿಗೊರಗಿ ಎದ್ದೇ ಇರುತ್ತಿದ್ದ ಅತ್ತೆ, ಅವತ್ತು ನಮ್ಮೆಲ್ಲರಿಗಿಂತ ಮೊದಲು ನಿದ್ದೆಹೋದರು.