ಅಕ್ಕಾರ ಲಿಂಗ, ನನ್ನ ಅಂಗೈ

ಮೊನ್ನೆ ಮಸ್ಕಿ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಣ್ಣುಮಗಳಿಂದ ವಿಭೂತಿ, ಒಲೆಹೊಗೆ ಎರಡೂ ಬೆರೆತ ವಾಸನೆ ಬಂತು. ಗಕ್ಕನೆ ತಿರುಗಿ ನೋಡಿಬಿಟ್ಟೆ. ನನ್ನ ಹುಚ್ಚು ನೋಡಿ... ಪಕ್ಕದ ಮನೆಯ ಅಕ್ಕಾರು ತೀರಿಕೊಂಡು ಎರಡು ವರ್ಷವಾಯಿತು.

ಅವರು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಹಿಂದೆ ಮುಂದೆ ಯಾರೂ ಇರಲಿಲ್ಲ. ನಾನೂ ಒಂಟಿ, ಶಾಲೆಯ ಟೀಚರು. ಒಮ್ಮೆ ಅವರ ಮೆದುಳಿನ ರಕ್ತನಾಳ ಗುಳ್ಳೆಯಂತೆ ಉಬ್ಬಿ ಒಡೆಯಿತು. ದೊಡ್ಡಾಸ್ಪತ್ರೆಯಲ್ಲಿ ಆ ಗುಳ್ಳೆಯೊಳಗೆ ಅಯಸ್ಕಾಂತಕ್ಕೆ ಅಂಟದ ಸಣ್ಣ ತಂತಿಸುರುಳಿ ತುಂಬಿ ಉಳಿಸಿದರು. "ಸುರುಳಿ ಕುಗ್ಗಿದರೆ ರಕ್ತ ಮತ್ತೆ ನುಗ್ಗುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿ ಹಳೆಯ ಚಿತ್ರದ ಜೊತೆ ಹೋಲಿಸಲೇಬೇಕು" ಎಂದು ಡಾಕ್ಟರು ನನಗೂ ಒತ್ತಿ ಹೇಳಿದ್ದರು.

ಮೊದಲ ವರ್ಷ ಸಿಂಧನೂರಿನ ಸ್ಕ್ಯಾನಿಂಗ್ ಸೆಂಟರಿಗೆ ಇಬ್ಬರೂ ಹೋದೆವು. ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದರು. ಅಕ್ಕಾರು ಓಲೆ ತೆಗೆದರು. ಕೊರಳಿನ ಬೆಳ್ಳಿ ಕರಡಿಗೆಯತ್ತ ಮಾತ್ರ ಕೈ ಹೋಗಲಿಲ್ಲ. ಅದರೊಳಗೆ ಇಷ್ಟಲಿಂಗ, ದೀಕ್ಷೆಯಾದ ದಿನದಿಂದ ಮೈಬಿಟ್ಟದ್ದಲ್ಲ. ಲಾಕರಿನಲ್ಲಿಡಿ ಎಂದವನ ಮೇಲೆ ಹರಿಹಾಯ್ದರು: "ಲಾಕರಿನ್ಯಾಗ ನಿನ್ನ ಜೀವಾ ಇಡ್ತೀಯೇನೋ?"

ಆಮೇಲೆ ನನ್ನ ಕಡೆ ತಿರುಗಿದರು. "ತಂಗೀ, ನಾ ಬರೂಮಟ ನೀ ಅಂಗೈಯಾಗ ಹಿಡ್ಕೋ. ಕೆಳಗ ಮಾತ್ರ ಇಡಬ್ಯಾಡ."

"ಅಕ್ಕಾರೆ, ನಮ್ಮದು ಬುದ್ಧನ ಫೋಟೋ ಇಟ್ಟ ಮನಿರೀ... ನಾ ಹಿಡೀಬಹುದೇನ್ರಿ?"

"ಹಿಡೀ ಬೇ, ಹುಚ್ಚಿ!"

ಅರ್ಧ ತಾಸು ಬಾಗಿಲ ಹೊರಗೆ ಅಂಗೈ ಚಾಚಿಕೊಂಡು ಕೂತಿದ್ದೆ. ಮೂಗು ತುರಿಸಿದರೂ ಅಲ್ಲಾಡಲಿಲ್ಲ. ಅಷ್ಟು ನಂಬಿಕೆಯಿಂದ ನನ್ನ ಕೈಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ರಿಪೋರ್ಟು ಚೆನ್ನಾಗಿ ಬಂತು.

ಮರುವರ್ಷ ಸ್ಕ್ಯಾನಿಂಗ್ ದಿನವೇ ನನಗೆ ಲಿಂಗಸುಗೂರಿನಲ್ಲಿ ತರಬೇತಿ. "ನೀ ಹೋಗವ್ವಾ, ನಾ ಒಬ್ಬಾಕೀನ ಹೋಗಿ ಬರ್ತೀನಿ" ಎಂದರು. ಸಂಜೆ ವಿಚಾರಿಸಿದೆ: "ಆತೇನ್ರಿ?"

"ಎಲ್ಲಿ ಆತು? ಲಿಂಗಪ್ಪನ್ನ ಯಾರ ಕೈಯಾಗ ಕೊಡ್ಲಿ? ಹಂಗ ಬಂದೆ. ಮತ್ತೊಮ್ಮೆ ಹೋದ್ರಾತು ಬಿಡು."

ನಾನೂ "ಆತು ಬಿಡ್ರಿ" ಎಂದೆ. ಮುಂದಿನ ವಾರ, ಪರೀಕ್ಷೆ ಮುಗಿಯಲಿ, ಬಿಸಿಲು ಇಳಿಯಲಿ... ಹೀಗೇ ಮೂರು ತಿಂಗಳು ಕಳೆದೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ತಲೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಮಣ್ಣು ಮಾಡುವಾಗ ಲಿಂಗವನ್ನು ಅವರದೇ ಅಂಗೈಯಲ್ಲಿಟ್ಟರು. ನಾನು ಜನರ ಹಿಂದೆ ನಿಂತು ನೋಡಿದೆ. ಅತ್ತದ್ದು ಮನೆಗೆ ಬಂದ ಮೇಲೆ.

ಈಗ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದಿಲ್ಲ. ನನಗೆ ಎಚ್ಚರವಾಗುವುದೂ ತಡವಾಗಿ. ಎದ್ದೆಯಾ ಎಂದು ಕೇಳುವವರೂ ಇಲ್ಲ.

ನಮ್ಮ ಶಾಲೆಯಲ್ಲಿ ಡಿಸೆಂಬರ್ ಮುಗಿದರೆ ಹಾಕದೆ ಉಳಿದ ರಜೆಗಳು ರದ್ದು. ಆ ವರ್ಷ ನನ್ನವು ಆರು ರದ್ದಾದವು. ಬೇಕಿದ್ದದ್ದು ಒಂದು.