ಎದುರಾಳಿಯ ಬಾಯಲ್ಲಿ ಚಿಹಾಯಾ

ಬೆಳಕು ಇನ್ನೂ ಸಮುದ್ರದಲ್ಲಿ ಮುಖ ತೊಳೆಯುತ್ತಿದೆ. ನಾಗುಸಾ ರೈಲು ನಿಲ್ದಾಣದ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು, ಹೆಗಲಿನಿಂದ ಸೊಂಟಕ್ಕೆ ತಮ್ಮ ಹೆಸರಿನ ಪಟ್ಟಿ ಇಳಿಬಿಟ್ಟು ನಗರಸಭೆ ಚುನಾವಣೆಯ ಅಭ್ಯರ್ಥಿ ಮಿನೆಗಿಶಿ ಚಿಹಾಯಾ ಆಗಲೇ ನಿಂತಿದ್ದಾರೆ. ಪ್ರಚಾರದ ನಿಯಮದಂತೆ ಎಂಟು ಗಂಟೆಯ ತನಕ ಮೈಕು ಹಿಡಿಯುವಂತಿಲ್ಲ. ಬರಿಗಂಟಲಲ್ಲೇ, ಬಾಗಿ ಬಾಗಿ, ಕೆಲಸಕ್ಕೆ ಹೊರಟವರಿಗೆಲ್ಲ "ಹೋಗ್ಬನ್ನಿ, ಹುಷಾರು!" ಎನ್ನುತ್ತಾರೆ.

ತೋಫು ಮಾರುವ ಸುಮಿಯೆ ಅಜ್ಜಿ ಗಾಡಿ ನಿಲ್ಲಿಸುತ್ತಾರೆ. "ಏನೇ, ಟೋಕಿಯೋದಲ್ಲಿ ಅಷ್ಟು ವರ್ಷ ಅರ್ಥಶಾಸ್ತ್ರ ಪಾಠ ಹೇಳ್ದೋಳು, ನನ್ನ ತೋಫು ಬೆಲೆ ಏರ್ಸೋಕಾಗಲ್ವಾ?"

"ಏರ್ಸಿದ್ರೆ ಮೊದಲು ನಾನೇ ಕೊಳ್ಳಲ್ಲ ಅಜ್ಜಿ!"

ಚಿಹಾಯಾ ಹುಟ್ಟಿದ್ದು ಇದೇ ಊರಿನ ಬಲೆ ನೇಯುವವರ ಮನೆಯಲ್ಲಿ, ಮನೆಮಂದಿಯ ಕಣ್ಣಿಗೆ ಗಂಡುಮಗುವಾಗಿ. ಅರ್ಥಶಾಸ್ತ್ರ ಕಲಿತು, ಕಲಿಸಿ, ನಲವತ್ತರ ಅಂಚಿನಲ್ಲಿ ತಾವೇ ಆರಿಸಿದ ಹೆಸರಿನಲ್ಲಿ ಹೆಣ್ಣಾಗಿ ಬಾಳತೊಡಗಿದರು. ಎದುರಿನ ದ್ವೀಪಕ್ಕೆ ಹೋಗುವ ದೋಣಿ ನಿಂತರೆ ಊರೇ ಸೊರಗುತ್ತದೆಂದು ಅವರು ಬರೆದ ಪುಸ್ತಕವನ್ನು ನಗರಸಭೆಯಲ್ಲಿ ಯಾರೂ ತೆರೆಯಲಿಲ್ಲ. "ಓದೋರಿಲ್ಲ ಅಂದ್ಮೇಲೆ ಒಳಗೇ ಹೋಗಿ ಕೂತು ಹೇಳೋಣ ಅಂತ ಬಂದೆ," ಎನ್ನುತ್ತಾರೆ. ಹೋದ ಸಲ ಸೋತರು. ಮತ್ತೆ ನಿಂತಿದ್ದಾರೆ.

ಪ್ರಚಾರದ ಗಾಡಿಗಳು ಎದುರಾದರೆ ಎದುರಾಳಿಯ ಹೆಸರು ಹಿಡಿದು ಮೈಕಿನಲ್ಲೇ ಶುಭ ಕೋರುವುದು ಇಲ್ಲಿಯ ವಾಡಿಕೆ. ಹಳೆಯ ಸದಸ್ಯ, ಚಿಹಾಯಾರ ತಂದೆಯ ಗೆಳೆಯ ಒಕಿತ್ಸು ಗೆಂಜಿರೋ ಮಾತ್ರ ಇವರ ಗಾಡಿ ಕಂಡರೆ ಮೈಕು ಆರಿಸಿಬಿಡುತ್ತಾರೆ. "ಸೋಲು ಅಭ್ಯಾಸ ಆಗಿದೆ. ನಾನು ಇಲ್ವೇ ಇಲ್ಲ ಅನ್ನೋ ಹಾಗೆ ದಾಟಿ ಹೋಗ್ತಾರಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ," ಎನ್ನುತ್ತಾರೆ ಚಿಹಾಯಾ.

ಇಂದು ಪ್ರಚಾರದ ಕೊನೆಯ ದಿನ. ಎಂಟು ಹೊಡೆಯುತ್ತಲೇ ಗಾಡಿ ಹೊರಡುತ್ತದೆ, ಹಿಂದಿನ ಸೀಟಿನಲ್ಲಿ ಪತ್ರಿಕೆಗೆ ಬರೆಯಲು ಬಂದ ನಾನು. ಒಂದೇ ಗಾಡಿ ಹಿಡಿಸುವ ಕಾಲುವೆ ಸೇತುವೆಯ ಮೇಲೆ, ಅಯ್ಯೋ, ಮೂತಿಗೆ ಮೂತಿ ತಾಗಿಸಿಕೊಂಡು ಒಕಿತ್ಸು ಅವರ ಗಾಡಿ! ಮುಂದೆ ಹೋಗುವಂತಿಲ್ಲ, ಕಾಣಲೇ ಇಲ್ಲ ಎನ್ನುವಂತೆಯೂ ಇಲ್ಲ.

ಚಿಹಾಯಾ ಮೈಕು ಎತ್ತುತ್ತಾರೆ. "ಒಕಿತ್ಸು ಗೆಂಜಿರೋ ಅವರೇ, ಚೆನ್ನಾಗಿ ಹೋರಾಡಿ!"

ಒಕಿತ್ಸು ಎಂದಿನಂತೆ ಮೈಕು ಆರಿಸುತ್ತಾರೆ. ಹಿಂದೆ ಸಿಕ್ಕಿಕೊಂಡ ಸುಮಿಯೆ ಅಜ್ಜಿಯ ತಾಳ್ಮೆ ಕೆಡುತ್ತದೆ. "ಏಯ್ ಗೆಂಜಿ! ಗಂಟಲಲ್ಲಿ ಮೋಚಿ ಕಡುಬು ಸಿಕ್ಕಾಕ್ಕೊಂಡಿದ್ಯಾ? ನನ್ನ ತೋಫು ಹುಳಿಯಾಗ್ತಿದೆ!"

ಎದುರಿನ ಮೈಕು ಗೊರಗುಟ್ಟುತ್ತದೆ. "ಮಿನೆಗಿಶಿ..." ಒಂದು ಕೆಮ್ಮು. "ಚಿಹಾಯಾ ಅವರೇ! ಚೆನ್ನಾಗಿ ಹೋರಾಡಮ್ಮ. ಆದ್ರೆ ನಿಂಗಿಂತ ಒಂದು ಓಟಾದ್ರೂ ನಂಗೇ ಜಾಸ್ತಿ!"

ಅವರ ಗಾಡಿ ಮೆಲ್ಲಗೆ ಹಿಂದೆ ಸರಿಯುತ್ತದೆ. ಚಿಹಾಯಾ ಸೀಟಿನಲ್ಲೇ ಕುಣಿಯುತ್ತಾರೆ. "ಕೇಳಿಸ್ತಾ? ಮೈಕಲ್ಲಿ! ಇಡೀ ಊರಿಗೆ!"

ನಾಳೆಯ ಮತದಾನದಲ್ಲಿ ಏನಾಗಬೇಕೆಂದು ಕೇಳುತ್ತೇನೆ.

"ಇಬ್ರೂ ಗೆಲ್ಬೇಕು. ಇಡೀ ಊರಿಗೆ ಒಂದೇ ಕ್ಷೇತ್ರ, ಸಭೇಲಿ ಕುರ್ಚಿ ಬೇಕಾದಷ್ಟಿವೆ. ದೋಣಿ ವಿಷಯಕ್ಕೆ ಅವರ ಜೊತೆ ದಿನಾ ಜಗಳ ಆಡ್ಬೇಕು ನಾನು. ಬಯ್ಯಲಿ ಬಿಡಿ, ನನ್ನ ಹೆಸರು ಹಿಡ್ದು ಬಯ್ಯಲಿ!"