ಮೆಂತ್ಯದ ಮಡಿಗೆ ಬಂದ ಹಳೆಯ ಸಮುದ್ರ

ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಇಲಿನಾಯ್‌ನ ಪ್ಲೇನ್‌ಫೀಲ್ಡ್ ಬಿಟ್ಟೆ. ಹೊರಗೆ ಮೂವತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಚಳಿ, ನನ್ನ ತಲೆ ಮಾತ್ರ ಕಾದಿತ್ತು. ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಇಪ್ಪತ್ತು ಮೈಲಿ ಆಚೆ, ಊರಿನ ನೀರಿನ ಪೈಪು ತಲುಪದ ಕಡೆ, ನನ್ನ ಪರಿಚಯದ ರಾಣೇಬೆನ್ನೂರಿನ ನಜೀರ್ ಮತ್ತು ಶಾಹಿದಾ ದಂಪತಿ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್‌ನಲ್ಲಿ ಮೆಂತ್ಯ, ಸಬ್ಬಸಿಗೆ, ಹರಿವೆ ಬೆಳೆದು ಇಂಡಿಯನ್ ಅಂಗಡಿಗಳಿಗೆ ಕೊಡುತ್ತಾರೆ. ಅವರ ಹೊಸ ಬೋರ್‌ವೆಲ್‌ನಲ್ಲಿ ಉಪ್ಪುನೀರು ಬಂದು ಬೆಳೆ ಸುಡುತ್ತಿತ್ತು. ಸೊಪ್ಪು ಹೋದರೆ ಅವರ ಜೀವನವೇ ಹೋದಂತೆ. ನಾನು ನೀರು ಸರಬರಾಜಿನ ಎಂಜಿನಿಯರ್. ಬೋರ್ ಕೊರೆದವನನ್ನು ತರಾಟೆಗೆ ತೆಗೆದುಕೊಳ್ಳಲೆಂದೇ ಹೊರಟಿದ್ದೆ.

ಸುಮಾರು ಮುನ್ನೂರು ಮೈಲಿ ದಾರಿ. ಇಂಡಿಯಾನಾದಲ್ಲಿ ಲಾರಿಗಳ ಸಾಲು, ಕಲಮಜೂ ಹತ್ತಿರ ಮಂಜು ಬೆರೆತ ಮಳೆ. ಮಿಷಿಗನ್ನಿನ ಸಮಯಕ್ಕೆ ಗಡಿಯಾರ ಒಂದು ಗಂಟೆ ಮುಂದೆ ಹೋದದ್ದಕ್ಕೂ ಸಿಟ್ಟು ಬಂತು. ರೆಸ್ಟ್ ಏರಿಯಾದಲ್ಲಿ ಡಬ್ಬಿಯ ಚಿತ್ರಾನ್ನ ತಿನ್ನುತ್ತಾ ಬೋರ್ ಕೊರೆದವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ.

ತಲುಪಿದ ಕೂಡಲೇ ಪಾಲಿಹೌಸ್ ಹೊಕ್ಕೆ. ಮೆಂತ್ಯದ ಎಲೆಗಳ ಅಂಚೆಲ್ಲ ಕಂದಿ ಮುದುರಿತ್ತು. ನಲ್ಲಿಯ ನೀರು ಬಾಯಿಗಿಟ್ಟೆ, ನುಂಗಲಾಗಲಿಲ್ಲ. ಶಾಹಿದಾ ಅಂಗಡಿಯಿಂದ ತಂದ ಕ್ಯಾನ್ ನೀರಿನಲ್ಲಿ ಚಹಾ ಮಾಡಿಕೊಟ್ಟರು.

"ಚಳಿಗಾಲದಾಗ ಹಿಮ ಕರಗಸಾಕ ರಸ್ತೆಗೆ ಸುರಿಯೋ ಉಪ್ಪು ಇಳದೈತಿ ಅಂತಾರ್ರಿ ಮಂದಿ," ಎಂದರು ನಜೀರ್.

ಅವರು ಮಾಡಿಸಿದ್ದ ನೀರಿನ ಲ್ಯಾಬ್ ವರದಿ ಹಾಗೆ ಹೇಳುತ್ತಿರಲಿಲ್ಲ. ಅದರಲ್ಲಿ ಬ್ರೋಮೈಡ್ ಜಾಸ್ತಿ ಇತ್ತು. ರಸ್ತೆ ಉಪ್ಪಿನಲ್ಲಿ ಅದು ಅಷ್ಟಿರುವುದಿಲ್ಲ. ಇದು ಕೆಳಗಿನ ಉಪ್ಪು. ಮಿಷಿಗನ್ನಿನ ನೆಲದಡಿ ಬಂಡೆಯ ಪದರಗಳು ಒಂದರೊಳಗೊಂದು ಇಟ್ಟ ಬೋಗುಣಿಗಳಂತಿವೆ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರ ಬತ್ತುತ್ತಾ ಗಟ್ಟಿ ಉಪ್ಪುನೀರಾಗಿ ಆ ಬಂಡೆಗಳಲ್ಲೇ ಸಿಕ್ಕಿಕೊಂಡಿತು. ಸುಣ್ಣಕಲ್ಲಿನೊಡನೆ ಸೇರಿ ಅದರ ಗುಣವೂ ಬದಲಾಯಿತು. ಭಾರದ ನೀರು, ತಳ ಬಿಟ್ಟು ಸುಲಭಕ್ಕೆ ಏಳುವುದಿಲ್ಲ. ಹಿಮಯುಗದ ಕರಗು ನೀರು, ಆಮೇಲಿನ ಮಳೆನೀರು ಮೇಲಿನ ಮರಳಿನಲ್ಲಷ್ಟೇ ಸಿಹಿಯಾಗಿ ಉಳಿದಿದೆ. ಅದರ ಕೆಳಗಿನ ಬೂದು ಜೇಡಿಬಂಡೆ ದಾಟಬಾರದು. ಇಷ್ಟು ಗೊತ್ತಿಲ್ಲದವನು ಯಾಕಾದರೂ ಬೋರ್ ಕೊರೆಯಬೇಕು?

"ಅವನ ನಂಬರ್ ಕೊಡಿ, ನಾನೇ ಮಾತಾಡ್ತೀನಿ," ಎಂದೆ.

"ಬ್ಯಾಡ್ರಿ ಅಕ್ಕಾರ, ಆಗಿದ್ದು ಆತು," ಎಂದು ನಜೀರ್ ಎರಡು ಸಲ ತಡೆದರು. ನಾನು ಕೇಳಲಿಲ್ಲ.

ಮೂರು ಗಂಟೆಗೆ ಅವನು ಹತ್ತಿರದ ಲಿವೋನಿಯಾದಿಂದ ಪಿಕಪ್‌ನಲ್ಲಿ ಬಂದ. ಅರವತ್ತು ದಾಟಿದ ಬಿಳಿಯ. ನಾನು ಇಂಗ್ಲಿಷಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ಬೋರ್ ಕೊರೆದ ದಿನದ ಹಾಳೆ ತೆಗೆದು ತೋರಿಸಿದ. ನೂರಾಮೂವತ್ತು ಅಡಿಗೆ ಮರಳು, ಸಿಹಿನೀರು, ಸ್ವಲ್ಪವೇ. ಅದರ ಕೆಳಗೆ ಬಂಡೆ. ನಿಲ್ಲಿಸಲು ಸಲಹೆ ಕೊಟ್ಟಿದ್ದೇನೆ ಎಂದು ಅವನೇ ಬರೆದುಕೊಂಡಿದ್ದ.

"ಇವರು ಯಾರಿಗೋ ಫೋನ್ ಮಾಡಿ ಸ್ಪೀಕರ್ ಹಾಕಿದರು," ಎಂದ. "ಇಲಿನಾಯ್ ಕಡೆಯ ಎಂಜಿನಿಯರಂತೆ, ಹೆಂಗಸು. ಇನ್ನೂ ಇನ್ನೂರು ಅಡಿ ಇಳಿಸಿ ಅಂದಳು. ಅವಳ ಕಡೆ ಸಾವಿರಾರು ಅಡಿ ಕೆಳಗೂ ಒಳ್ಳೆಯ ನೀರಂತೆ."

ನಜೀರ್ ನೆಲ ನೋಡುತ್ತಿದ್ದರು.

ಹೋದ ನವೆಂಬರಿನಲ್ಲಿ ಆಫೀಸಿನಲ್ಲಿ ಮೊಸರನ್ನ ತಿನ್ನುತ್ತಾ ಆ ಫೋನ್ ತೆಗೆದುಕೊಂಡವಳು ನಾನೇ. ನಾನು ಮೊದಲು ಕೆಲಸ ಮಾಡಿದ ಮೈಸೂರಿನಲ್ಲಿ ನೀರು ಕಡಿಮೆಯಾದರೆ ಇನ್ನೂ ಆಳಕ್ಕೆ ಇಳಿಸುತ್ತಿದ್ದೆವು. ಪ್ಲೇನ್‌ಫೀಲ್ಡ್ ಕಡೆಯ ಮರಳುಗಲ್ಲು ಆಳದಲ್ಲೂ ನೀರು ಕೊಡುತ್ತದೆ. ಇದು ಯಾವ ನೆಲ ಎಂದು ಒಂದು ಮಾತು ಕೇಳಿರಲಿಲ್ಲ. ಒಂದು ನಿಮಿಷವೂ ಮಾತಾಡಿರಲಿಲ್ಲ, ಆಮೇಲೆ ಮರೆತೂಬಿಟ್ಟಿದ್ದೆ. ಸಿಟ್ಟು ಈಗ ನನ್ನ ಮೇಲೇ ತಿರುಗಿತು. ಅವನ ಕ್ಷಮೆ ಕೇಳಿದೆ, ತಲೆಯಾಡಿಸಿದ, ಅಷ್ಟೇ.

"ಯಾಕೆ ಹೇಳ್ಲಿಲ್ಲ ನಜೀರ್?"

"ಅಷ್ಟು ದೂರದಿಂದ ನಮ್ಮ ಸಲುವಾಗಿ ಬಂದೀರಿ. ಹೆಂಗ ಹೇಳೂದ್ರಿ?"

ಬೋರಿನ ಕೆಳಭಾಗಕ್ಕೆ ಸಿಮೆಂಟ್ ತುಂಬಿ ಮುಚ್ಚಿ, ಮೇಲಿನ ಮರಳಿನ ನೀರನ್ನಷ್ಟೇ ಎತ್ತುವುದೆಂದು ಬೋರ್ ಕೊರೆದವನೇ ದಾರಿ ಹೇಳಿದ. ಆ ನೀರು ಅರ್ಧ ಮಡಿಗಳಿಗೆ ಸಾಕಾದೀತು. ಉಳಿದರ್ಧ ಬಿಡಬೇಕು.

ಭಾನುವಾರ ಬೆಳಿಗ್ಗೆ ಹೊರಡುವಾಗ ಶಾಹಿದಾ ಕಾರಿನ ಕಿಟಕಿಯ ಹತ್ತಿರ ಬಂದರು. ದನಿ ಏರಿಸಲಿಲ್ಲ.

"ಬೈಯಾಕ ಮುನ್ನೂರು ಮೈಲಿ ಬಂದ್ರಿ ಅಕ್ಕಾರ. ಅವತ್ತು ನೋಡಾಕ ಬಂದಿದ್ರ ಚಲೋ ಇತ್ತು."

ಕಾರು ತಿರುಗಿಸಿದೆ. ಕನ್ನಡಿಯಲ್ಲಿ ನೋಡಿದಾಗ ಗಂಡ ಹೆಂಡತಿ ಇಬ್ಬರೂ ಪಾಲಿಹೌಸಿನ ಅರ್ಧ ಭಾಗದ ಪ್ಲಾಸ್ಟಿಕ್ ಬಿಚ್ಚಲು ಶುರುಮಾಡಿದ್ದರು.